ಆಗಸ್ಟ್‌ನಲ್ಲಿ ಮಸಾಯಿ ಮಾರಾ: ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗಬಹುದಾ? ಈ ಪ್ಯಾಕೇಜ್ ನೋಡಿ ಹೇಳಿ

ಬಿಸಿಬೇಳೆಬಾತ್
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಕೀನ್ಯಾಗೆ ಹೋಗುವ ಯೋಚನೆ ಇದೆ. ನಾವಿಬ್ಬರು, ಹತ್ತು ವರ್ಷದ ಮಗಳು, ನಮ್ಮ ಅಪ್ಪ ಅಮ್ಮ. ಅಪ್ಪನಿಗೆ ಎಪ್ಪತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ಅಮ್ಮನಿಗೆ ಸೊಂಟ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಏಜೆಂಟ್ ಕೊಟ್ಟಿರುವ ಪ್ಲಾನ್ ಹೀಗಿದೆ: ನೈರೋಬಿಯಿಂದ ಅಂಬೊಸೆಲಿ, ಅಲ್ಲಿಂದ ನಕುರು ಸರೋವರ, ದಾರಿಯಲ್ಲಿ ನೈವಾಶಾ, ಕೊನೆಗೆ ಮಸಾಯಿ ಮಾರಾ. ಒಟ್ಟು ಆರು ದಿನ. ಎಲ್ಲಾ ರಸ್ತೆಯಲ್ಲೇ, ಮೇಲ್ಛಾವಣಿ ಎತ್ತುವ ವ್ಯಾನ್‌ನಲ್ಲಿ. "ರಿವರ್ ಕ್ರಾಸಿಂಗ್ ಗ್ಯಾರಂಟಿ ಸರ್" ಎಂದು ಬೇರೆ ಹೇಳಿದ್ದಾರೆ, ಅಂದರೆ ಪ್ರಾಣಿಗಳ ಹಿಂಡು ಮಾರಾ ನದಿ ದಾಟುವುದು ಕಂಡೇ ಕಾಣುತ್ತದಂತೆ. ಪಾರ್ಕ್ ಫೀ ಮಾತ್ರ ಸೇರಿಲ್ಲವಂತೆ, ಅಲ್ಲೇ ಕಟ್ಟಬೇಕಂತೆ. ಹೋಗಿ ಬಂದವರು ದಯವಿಟ್ಟು ಹೇಳಿ, ಇದು ಸರಿ ಇದೆಯಾ?

ಕಾಡುಕೋಣ
ಗ್ಯಾರಂಟಿ ಅಂದವನ ಹತ್ತಿರ ಏನನ್ನೂ ಕೊಳ್ಳಬೇಡಿ.

ಹಳೇಲೆನ್ಸ್
ಕಾಡುಕೋಣ ಹೇಳಿದ್ದು ನೂರಕ್ಕೆ ನೂರು ಸರಿ. ಮಾರಾ ನದಿ ದಾಟುವುದು ವೈಲ್ಡ್‌ಬೀಸ್ಟ್‌ಗಳ (ಹಸುವಿನ ಥರ ಕಾಣುವ, ಜಿಂಕೆ ಜಾತಿಗೆ ಹತ್ತಿರದ ಪ್ರಾಣಿ) ಇಷ್ಟ. ಡ್ರೈವರ್‌ಗೂ ಗೊತ್ತಿರುವುದಿಲ್ಲ, ಏಜೆಂಟ್‌ಗಂತೂ ಗೊತ್ತೇ ಇಲ್ಲ. ಜುಲೈಯಿಂದ ಅಕ್ಟೋಬರ್ ನಡುವೆ ಹಿಂಡುಗಳು ಮಾರಾ ಕಡೆ ಇರುತ್ತವೆ, ಅಷ್ಟು ನಿಜ. ಒಂದೇ ಹಿಂಡು ಅತ್ತಿಂದಿತ್ತ ಎಷ್ಟೋ ಸಲ ದಾಟುತ್ತದೆ. ಮಳೆ ಎಲ್ಲಿ ಬಿತ್ತು, ಹುಲ್ಲು ಎಲ್ಲಿ ಚಿಗುರಿತು, ಅದರ ಮೇಲೆ ನಿಂತಿದೆ ಎಲ್ಲ.

ನಾವು ಕಾದಿದ್ದ ಒಂದು ಬೆಳಿಗ್ಗೆ ಹೇಳುತ್ತೇನೆ. ದಡದ ಮೇಲೆ ಸಾವಿರಾರು ನಿಂತಿವೆ. ಧೂಳು ಎಂದರೆ ಧೂಳು. ಗೊರ್ ಗೊರ್ ಎಂದು ಒಂದೇ ಸಮನೆ ಸದ್ದು. ಮುಂದಿನ ಸಾಲಿನ ಒಂದು ಜೀಬ್ರಾ ಇಳಿಜಾರಿಗೆ ಬಂತು, ನೀರು ಮೂಸಿತು, ಮುಂಗಾಲು ಎತ್ತಿತು. ಎಲ್ಲರೂ ಕ್ಯಾಮೆರಾ ಎತ್ತಿದರು. ಅದು ಹಾಗೇ ತಿರುಗಿ ಹೊರಟುಹೋಯಿತು, ಹಿಂದೆಯೇ ಇಡೀ ಹಿಂಡು! ಬಿಸಿಲು ಏರಿತು, ತಂದ ಡಬ್ಬಿ ಖಾಲಿಯಾಯಿತು, ಅವು ಮಾತ್ರ ಅಲ್ಲೇ ಮೇಯುತ್ತಾ ನಿಂತವು. ಸಂಜೆ ನಾವು ಗೇಟ್ ದಾಟಿದ ಮೇಲೆ ದಾಟಿದವಂತೆ.

ಆರು ದಿನದಲ್ಲಿ ಮೂರು ನಾಲ್ಕು ಜಾಗ ಸುತ್ತಿದರೆ ನಿಮಗೆ ನೆನಪಿರುವುದು ವ್ಯಾನ್ ಸೀಟು ಮಾತ್ರ. ಒಂದೇ ಜಾಗ ಹಿಡಿದು ಕೂರಿ.

ದುಡ್ಡಿನಲೆಕ್ಕ
"ಪಾರ್ಕ್ ಫೀ ಮಾತ್ರ ಸೇರಿಲ್ಲ" ಅಂತೆ! ಆ "ಮಾತ್ರ" ಎಷ್ಟು ಗೊತ್ತಾ?

2024ರ ಜುಲೈಯಿಂದ ಮಸಾಯಿ ಮಾರಾದಲ್ಲಿ ಹೊರದೇಶದ ದೊಡ್ಡವರಿಗೆ ದಿನಕ್ಕೆ 200 ಡಾಲರ್. ಇದು ಜುಲೈಯಿಂದ ಡಿಸೆಂಬರ್‌ವರೆಗೆ. ಜನವರಿಯಿಂದ ಜೂನ್‌ವರೆಗೆ 100. ನಿಮ್ಮ ಮಗಳ ವಯಸ್ಸಿನವರಿಗೆ 50. ಅಂದರೆ ನಿಮ್ಮ ಮನೆಯವರಿಗೆ ದಿನಕ್ಕೆ 850 ಡಾಲರ್, ಎಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ. ಗಾಡಿ, ಊಟ, ರೂಮು ಬೇರೆ.

ಇನ್ನೊಂದು ವಿಷಯ. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ನೈರೋಬಿಯಿಂದ ಹೊರಟು ಮಧ್ಯಾಹ್ನ ಮೂರಕ್ಕೆ ಗೇಟ್ ತಲುಪಿ "ಒಂದು ಸಣ್ಣ ರೌಂಡ್" ಹೊಡೆದರೂ ಇಡೀ ದಿನದ ಫೀ ಹೋಯಿತು. ಗೇಟಿನ ಹೊರಗೆ ಉಳಿದುಕೊಳ್ಳಿ, ಮೊದಲ ಸಂಜೆ ಸುಮ್ನೆ ರೆಸ್ಟ್ ಮಾಡಿ, ಮಾರನೇ ಬೆಳಿಗ್ಗೆ 6ಕ್ಕೆ ಒಳಗೆ ಹೋಗಿ. ಅಮ್ಮನ ಸೊಂಟಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

ಮಳೆಗಾಲ
ದಿನಕ್ಕೆ ಎಪ್ಪತ್ತು ಸಾವಿರ! ಆ ದುಡ್ಡಲ್ಲಿ ಕಬಿನಿಗೆ ಎಷ್ಟು ಸಲ ಹೋಗಿ ಬರಬಹುದು. ನಮ್ಮಲ್ಲಿ ಹುಲಿ ಇದೆ, ಆನೆ ಇದೆ, ಕರಿಚಿರತೆ ಕೂಡ ಕಂಡಿದೆ. ಹಸುವಿನ ಥರದ ಪ್ರಾಣಿ ನದಿ ದಾಟುವುದನ್ನು ನೋಡಲು ಸಮುದ್ರ ದಾಟಬೇಕಾ?

ಕಾಡುಕೋಣ
@ಮಳೆಗಾಲ ಕಬಿನಿ ಕಬಿನಿಯೇ, ಯಾರು ಬೇಡ ಅಂದರು? ಆದರೆ ಅಲ್ಲಿ ಪೊದೆಯ ಹಿಂದೆ ಒಂದು ಬಾಲ ಕಂಡರೂ ಹಬ್ಬ. ಮಾರಾದಲ್ಲಿ ಕಣ್ಣಿಗೆ ಅಡ್ಡ ಏನೂ ಇಲ್ಲ. ಬೇಟೆ ಶುರುವಾಗುವುದು, ತಪ್ಪಿಹೋಗುವುದು, ಕತ್ತೆಕಿರುಬ ಬಂದು ಕಿತ್ತುಕೊಳ್ಳುವುದು, ಎಲ್ಲಾ ಒಂದೇ ಕಡೆ ಕೂತು ನೋಡಬಹುದು. ಎರಡೂ ಬೇರೆ ಬೇರೆ ಅನುಭವ.

ನೀಲಕಂಠ
ಹಕ್ಕಿ ನೋಡುವವರ ಪರವಾಗಿ ಒಂದು ಮಾತು. ಎಲ್ಲರೂ ಸಿಂಹ ಸಿಂಹ ಅಂತ ಓಡುತ್ತಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ದಾಯಾದಿ ಅಲ್ಲಿ ಪ್ರತಿ ಮುಳ್ಳುಗಿಡದ ತುದಿಯಲ್ಲಿ ಕೂತಿರುತ್ತದೆ. ಎದೆ ನೇರಳೆ, ರೆಕ್ಕೆ ನೀಲಿ. ಗಾಡಿ ಪಕ್ಕದಲ್ಲೇ ನಿಂತರೂ ಹಾರುವುದಿಲ್ಲ. ಸೆಕ್ರೆಟರಿ ಬರ್ಡ್ ಹುಲ್ಲಿನಲ್ಲಿ ನಡೆದಾಡುತ್ತಾ ಹಾವನ್ನು ಒದ್ದು ಕೊಲ್ಲುತ್ತದೆ. ಕೋರಿ ಬಸ್ಟರ್ಡ್ ಎಂಬ ಭಾರೀ ಹಕ್ಕಿಯಂತೂ ಆರಾಮಾಗಿ ಓಡಾಡಿಕೊಂಡಿರುತ್ತದೆ. ನಮ್ಮ ಸಿರುಗುಪ್ಪದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಉಳಿದಿರುವ ಜಾಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಾವು ಹುಲ್ಲುಗಾವಲನ್ನು ಬೀಳು ಭೂಮಿ ಎಂದು ಬರೆದು ಹಂಚಿಬಿಟ್ಟೆವು.

ನೈರೋಬಿವಾಸಿ
ನಾನು ಹಾಸನದ ಕಡೆಯವನು, ನೈರೋಬಿಯಲ್ಲಿ ಕೆಲಸ. ಊರಿಂದ ಬಂದವರನ್ನೆಲ್ಲ ಮಾರಾಗೆ ಕರೆದುಕೊಂಡು ಹೋಗುವುದೇ ನನ್ನ ರಜೆ ಆಗಿಬಿಟ್ಟಿದೆ. ಒಂದೊಂದೇ ಹೇಳುತ್ತೇನೆ.

ರಸ್ತೆ: ನೈರೋಬಿಯಿಂದ ಸೆಕೆನಾನಿ ಗೇಟ್‌ಗೆ ಐದಾರು ಗಂಟೆ. ರಿಫ್ಟ್ ಕಣಿವೆ ಇಳಿದು, ಮಾಯಿ ಮಹಿಯು, ನಾರೋಕ್ ಮೇಲೆ. ಈಗ ಟಾರು ಗೇಟಿನ ತನಕ ಇದೆ, ಹಿಂದಿನ ಹಾಗಲ್ಲ. ಒಳಗೆ ಹೋದ ಮೇಲೆ ಮಾತ್ರ ಕುಲುಕಾಟವೇ. ಸೊಂಟ ನೋವಿರುವ ಅಮ್ಮನಿಗೆ ವ್ಯಾನ್ ಬೇಡ. ಲ್ಯಾಂಡ್ ಕ್ರೂಸರ್ ಕೇಳಿ, ಮಧ್ಯದ ಸಾಲಿನಲ್ಲಿ ಕೂರಿಸಿ, ಕೊನೆಯ ಸಾಲಿನಲ್ಲಿ ಬೇಡವೇ ಬೇಡ. ಸೊಂಟಕ್ಕೊಂದು ದಿಂಬು. ಕೈಯಲ್ಲಿ ಆದರೆ ಒಂದು ಕಡೆಗಾದರೂ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನ ಹಿಡಿಯಿರಿ, ಮುಕ್ಕಾಲು ಗಂಟೆ. ಆದರೆ ತಲೆಗೆ 15 ಕಿಲೋ ಮಾತ್ರ, ಅದೂ ಮೆತ್ತನೆ ಬ್ಯಾಗಿನಲ್ಲಿ. ಗಾಲಿ ಸೂಟ್‌ಕೇಸ್ ಒಳಗೆ ಹಿಡಿಯುವುದಿಲ್ಲ.

ಊಟ: ಚಿಂತೆ ಬಿಡಿ. ಇಲ್ಲಿ ಗುಜರಾತಿಗಳು ನೂರು ವರ್ಷಕ್ಕೂ ಮೇಲಿಂದ ಇದ್ದಾರೆ. ಚಪಾತಿ ಈಗ ಕೀನ್ಯಾದವರದ್ದೇ ತಿಂಡಿ. ಲಾಡ್ಜ್‌ಗಳಲ್ಲಿ ದಾಲ್, ಅನ್ನ, ಪಲ್ಯ ಸಿಗುತ್ತದೆ. ಮೊಟ್ಟೆ ಬೇಡ ಎಂಬುದನ್ನು ಮಾತ್ರ ಮೊದಲೇ ಬರೆದು ಕಳಿಸಿ, ವೆಜ್ ಎಂದರೆ ಆಮ್ಲೆಟ್ ತಂದಿಡುತ್ತಾರೆ. ಉಗಾಲಿ ರುಚಿ ನೋಡಿ. ಮೆಕ್ಕೆಜೋಳದ ಹಿಟ್ಟಿನದು, ನೋಡಲು ಬಿಳಿ ಮುದ್ದೆಯೇ, ಸುಕುಮಾ ಸೊಪ್ಪಿನ ಪಲ್ಯದ ಜೊತೆ ಕೊಡುತ್ತಾರೆ. ಬೆಳಿಗ್ಗೆ ವಿಂಬಿ ಗಂಜಿ ಸಿಕ್ಕರೆ ಬಿಡಬೇಡಿ. ಅದು ರಾಗಿಯೇ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ, ಇಲ್ಲಿಂದಲೇ ನಮ್ಮ ಕಡೆಗೆ ಬಂದದ್ದು.

ಅಜ್ಜಿಮನೆ
ರಾಗಿ ಆಫ್ರಿಕಾದ್ದಾ?! ನಮ್ಮ ಮಂಡ್ಯದವರಿಗೆ ಹೇಳಿ ನೋಡಿ, ಬಿಡ್ತಾರಾ ನಿಮ್ಮನ್ನ.

ನೈರೋಬಿವಾಸಿ
@ಅಜ್ಜಿಮನೆ ಬಂದು ಮೂರು ಸಾವಿರ ವರ್ಷದ ಮೇಲಾಯಿತು ಎನ್ನುತ್ತಾರೆ. ಈಗ ಅದು ಮಂಡ್ಯದ್ದೇ ಬಿಡಿ.

ಹೊಸಬ_77
ಹಳದಿ ಜ್ವರದ ಲಸಿಕೆ ಬೇಕಾ? ನನ್ನ ಕಸಿನ್ ಬೇಡ ಅಂದ. ಭಾರತದಿಂದ ಹೋದರೆ ಕೀನ್ಯಾದವರು ಕೇಳುವುದಿಲ್ಲವಂತೆ.

ಔಷಧದಂಗಡಿ
@ಹೊಸಬ_77 ಅರ್ಧ ಸತ್ಯ. ಅವರು ಕೇಳುವುದಿಲ್ಲ, ವಾಪಸ್ ಬರುವಾಗ ನಮ್ಮವರು ಕೇಳುತ್ತಾರೆ. ಕೀನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಕಾರ್ಡ್ ಇಲ್ಲದೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆಯೇ ಕಾರ್ಡ್‌ಗೆ ಬೆಲೆ. 2016ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಎಲ್ಲಾ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು.

@ಬಿಸಿಬೇಳೆಬಾತ್ ನಿಮಗೆ ಮುಖ್ಯ ವಿಷಯ ಇದು. ಈ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಶಕ್ತಿ ಕುಂದಿಸಿದ್ದು. ಅರವತ್ತು ದಾಟಿದವರಲ್ಲಿ ಮೊದಲ ಸಲ ಹಾಕಿಸಿದಾಗ ಗಂಭೀರ ಅಡ್ಡಪರಿಣಾಮ ಅಪರೂಪಕ್ಕೆ ಆಗುತ್ತದೆ, ಚಿಕ್ಕವರಿಗಿಂತ ಜಾಸ್ತಿ. ಮೊಟ್ಟೆ ಅಲರ್ಜಿ ಇದ್ದರೂ ಹೇಳಬೇಕು. ವಿಮಾನದ ಟಿಕೆಟ್ ಮಾಡುವ ಮೊದಲು ಅಪ್ಪ ಅಮ್ಮನನ್ನು ಡಾಕ್ಟರ್‌ಗೆ ತೋರಿಸಿ, ಅವರು ತಿನ್ನುವ ಮಾತ್ರೆಗಳ ಪಟ್ಟಿ ಇಟ್ಟುಕೊಂಡು ಹೋಗಿ. ಮಲೇರಿಯಾ ಮಾತ್ರೆ ಬಗ್ಗೆಯೂ ಅಲ್ಲೇ ಕೇಳಿ. ಟಿಕೆಟ್ ಆಮೇಲೆ.

ಬಿಸಿಬೇಳೆಬಾತ್
ಅಯ್ಯೋ, ಏಜೆಂಟ್ ಇದರಲ್ಲಿ ಒಂದನ್ನೂ ಹೇಳಿಲ್ಲ. ತುಂಬಾ ಥ್ಯಾಂಕ್ಸ್. ನಾಳೆಯೇ ಡಾಕ್ಟರ್ ಹತ್ತಿರ ಹೋಗುತ್ತೇವೆ. ವೀಸಾ ಕಥೆ?

ದುಡ್ಡಿನಲೆಕ್ಕ
2024ರ ಜನವರಿಯಿಂದ ವೀಸಾ ತೆಗೆದು ಇಟಿಎ ಎಂಬ ಪ್ರಯಾಣದ ಅನುಮತಿ ಮಾಡಿದ್ದಾರೆ. ಆನ್‌ಲೈನ್‌ನಲ್ಲೇ, ಶುಲ್ಕ 30 ಡಾಲರ್ ಚಿಲ್ಲರೆ. ಮಕ್ಕಳಿಗೂ ಬೇರೆ ಬೇರೆ ಹಾಕಬೇಕು. ಸರ್ಕಾರದ ವೆಬ್‌ಸೈಟ್ ಥರವೇ ಕಾಣುವ ದಲ್ಲಾಳಿ ಸೈಟ್‌ಗಳಿವೆ, ಎರಡು ಮೂರು ಪಟ್ಟು ಕೀಳುತ್ತಾರೆ, ನೋಡಿಕೊಳ್ಳಿ.

ಹಂಪನಕಟ್ಟೆ
ನಮ್ಮ ಅನುಭವ. ಬುಕ್ ಮಾಡಿದ್ದು ಲ್ಯಾಂಡ್ ಕ್ರೂಸರ್, ಬೆಳಿಗ್ಗೆ ಹೋಟೆಲ್ ಮುಂದೆ ನಿಂತಿದ್ದು ವ್ಯಾನ್. "ಗಾಡಿ ಕೆಟ್ಟಿದೆ ಸರ್, ಸೇಮ್ ಸೇಮ್" ಅಂದರು. ಯಾವ ಕಂಪನಿ ಅಂತ ಇಲ್ಲಿ ಹೇಳುವುದಿಲ್ಲ. ಎರಡನೇ ದಿನ ತಾಲೆಕ್ ಹತ್ತಿರ ಕಪ್ಪು ಮಣ್ಣಿನಲ್ಲಿ ಮಳೆ ಬಂದು ಹಿಂದಿನ ಚಕ್ರ ಹೂತುಹೋಯಿತು. ಇಳಿದು ತಳ್ಳುವ ಹಾಗೂ ಇಲ್ಲ, ಸ್ವಲ್ಪ ದೂರದಲ್ಲೇ ಕಾಡೆಮ್ಮೆಗಳ ಗುಂಪು ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು. ಕೊನೆಗೆ ಬೇರೆ ಕಂಪನಿಯ ಡ್ರೈವರ್ ಬಂದು ಹಗ್ಗ ಕಟ್ಟಿ ಎಳೆದ. ಅಲ್ಲಿನ ಡ್ರೈವರ್‌ಗಳಲ್ಲಿ ಆ ಒಗ್ಗಟ್ಟು ಇದೆ, ಮೆಚ್ಚಬೇಕು.

ಗಾಡಿಯ ಮಾಡೆಲ್, ಎಷ್ಟು ಜನ, ಎಲ್ಲರಿಗೂ ಕಿಟಕಿ ಸೀಟು, ಇಷ್ಟನ್ನೂ ಬರಹದಲ್ಲಿ ತೆಗೆದುಕೊಳ್ಳಿ.

ಮಳೆಗಾಲ
ನೋಡಿ, ಅದಕ್ಕೇ ಹೇಳಿದ್ದು. ಇಷ್ಟೆಲ್ಲ ಪಡಿಪಾಟಲು ಪಟ್ಟು ಹೋದರೆ ಅಲ್ಲಿ ಕಾಣುವುದು ಏನು? ಒಂದು ಚೀತಾ, ಸುತ್ತ ಮೂವತ್ತು ಗಾಡಿ. 2025ರ ಜುಲೈನಲ್ಲಿ ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯ ಕೊಗಾಟೆಂಡೆ ವಿಡಿಯೋ ನೋಡಿಲ್ವಾ? ಪ್ರವಾಸಿಗರು ಗಾಡಿಯಿಂದ ಇಳಿದು ದಡದಲ್ಲಿ ಅಡ್ಡ ನಿಂತಿದ್ದಾರೆ, ಪ್ರಾಣಿಗಳಿಗೆ ದಾರಿಯೇ ಇಲ್ಲ. ಸಫಾರಿಯೋ ಸಂತೆಯೋ?

ಹಳೇಲೆನ್ಸ್
@ಮಳೆಗಾಲ ಆ ವಿಡಿಯೋ ನೋಡಿ ನನಗೂ ರಕ್ತ ಕುದಿಯಿತು. ಆದರೆ ಎಲ್ಲ ಕಡೆ ಹಾಗಿಲ್ಲ. ಮಸಾಯಿ ಮಾರಾ ರಿಸರ್ವ್ 1,510 ಚದರ ಕಿಲೋಮೀಟರ್. ಜನ ಸೇರುವುದು ಸೆಕೆನಾನಿ, ತಾಲೆಕ್ ಕಡೆ. ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಅನ್ನು 2001ರಿಂದ ಬೇರೆ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಒಂದು ಪ್ರಾಣಿಯ ಹತ್ತಿರ ಐದು ಗಾಡಿ ಮಾತ್ರ. ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. ದಾರಿ ಬಿಟ್ಟು ಹುಲ್ಲಿಗೆ ಇಳಿದರೆ ದಂಡ.

ಮತ್ತೆ, ಜನಜಂಗುಳಿ ಮಾಡುವುದು ಯಾರು? "ಹತ್ತಿರ ಹೋಗು, ಇನ್ನೂ ಹತ್ತಿರ" ಎಂದು ಡ್ರೈವರ್‌ನ ತಲೆ ತಿನ್ನುವ ನಾವೇ. ಟಿಪ್ಸ್ ಆಸೆಗೆ ಅವನು ಹೋಗುತ್ತಾನೆ. ಮೊದಲ ದಿನವೇ ಹೇಳಿಬಿಡಿ, ನಮಗೆ ಆತುರ ಇಲ್ಲ, ದೂರ ನಿಲ್ಲಿಸು ಎಂದು. ಅವನ ಮುಖವೇ ಬದಲಾಗುತ್ತದೆ. ನಮ್ಮ ಡ್ರೈವರ್ ಅದನ್ನು ಕೇಳಿ ವೈರ್‌ಲೆಸ್ ಸದ್ದು ತಗ್ಗಿಸಿ, ಎಂಜಿನ್ ಆರಿಸಿ, ಒಂದು ಒಂಟಿ ಮರದ ಹತ್ತಿರ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಹುಲ್ಲಿನಿಂದ ಒಂದು ಸಿಂಹಿಣಿ ಎದ್ದು ಬಂದು ನಮ್ಮ ಗಾಡಿಯ ನೆರಳಿನಲ್ಲೇ ಮಲಗಿತು. ಎಡಗಿವಿ ಅಂಚಿನಲ್ಲಿ ಹರಿದಿತ್ತು, ಅದರ ತುಂಬ ನೊಣ. ಮೂತಿಯ ಮೇಲೆ ಒಣಗಿದ ರಕ್ತ. ಏದುಸಿರು ಮೇಲೆ ನಮಗೆ ಕೇಳುತ್ತಿತ್ತು. ನನ್ನ ಉದ್ದ ಲೆನ್ಸ್ ಅಲ್ಲಿ ಕೆಲಸಕ್ಕೇ ಬರಲಿಲ್ಲ, ಫೋಕಸ್ ಆಗದಷ್ಟು ಹತ್ತಿರ.

ನೀಲಕಂಠ
ನದಿಯ ವಿಷಯಕ್ಕೆ ಬಂದರೆ, ಎಲ್ಲರೂ ಮೊಸಳೆ ಹಿಡಿಯುವ ಫೋಟೋ ಕಾಯುತ್ತಾರೆ. ಮೊಸಳೆಗೆ ಸಿಗುವುದು ಕಮ್ಮಿ. ಜಾಸ್ತಿ ಸಾಯುವುದು ಮುಳುಗಿ, ತುಳಿದಾಡಿ. 2001ರಿಂದ 2015ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನದಲ್ಲಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್ ಮಾರಾ ನದಿಯಲ್ಲಿ ಮುಳುಗಿ ಸಾಯುತ್ತವೆ ಎಂದು ಬಂತು. ರಣಹದ್ದು, ಮರಬೂ ಕೊಕ್ಕರೆ, ಮೀನು ಎಲ್ಲಕ್ಕೂ ಅದೇ ಊಟ. ಮೂಳೆ ಕರಗಲು ಏಳು ವರ್ಷ ಹಿಡಿಯುತ್ತದೆ. ಅಷ್ಟೂ ದಿನ ನದಿಗೆ ರಂಜಕ ಸೇರುತ್ತಲೇ ಇರುತ್ತದೆ.

ಅಜ್ಜಿಮನೆ
ಊಟದ ಹೊತ್ತಲ್ಲಿ ಇದನ್ನೆಲ್ಲ ಬರೀಬೇಡ್ರೀ.

ಹೊಸಬ_77
ಒಟ್ಟು 15 ಲಕ್ಷ ಪ್ರಾಣಿ ಅಂತಾರಲ್ಲ, 6 ಸಾವಿರ ಏನು ಮಹಾ.

ನೀಲಕಂಠ
@ಹೊಸಬ_77 ಆ 13-15 ಲಕ್ಷದ ಅಂಕಿ ಹಳೇ ವಿಮಾನ ಸಮೀಕ್ಷೆಗಳದ್ದು. ಉಪಗ್ರಹದ ಚಿತ್ರಗಳನ್ನು ಕಂಪ್ಯೂಟರ್‌ನಿಂದ ಎಣಿಸಿದವರು 2025ರಲ್ಲಿ ಆರು ಲಕ್ಷಕ್ಕೂ ಕಮ್ಮಿ ಎಂದು ಪ್ರಕಟಿಸಿದರು. ಯಾವುದು ಸರಿ ಎಂಬ ಜಗಳ ತಜ್ಞರಲ್ಲೇ ನಡೆಯುತ್ತಿದೆ. ಬ್ರೋಷರ್‌ನಲ್ಲಿ ಮಾತ್ರ 15 ಲಕ್ಷ ಇಳಿಯುವುದೇ ಇಲ್ಲ.

ಹಟ್ಟಿಹುಡುಗಿ
ಯಾರೂ ಮಸಾಯಿ ಜನರ ಬಗ್ಗೆ ಮಾತೇ ಎತ್ತಲಿಲ್ಲವಲ್ಲ. ಈ ಪ್ಯಾಕೇಜ್‌ಗಳಲ್ಲೆಲ್ಲ "ಮಸಾಯಿ ಹಳ್ಳಿ ಭೇಟಿ" ಅಂತ ಇರುತ್ತದೆ. ಹೋದರೆ ಕುಣಿತ, ಎಗರುವ ಆಟ, ಬೆಂಕಿ ಹೊತ್ತಿಸುವುದು, ಆಮೇಲೆ ಮಣಿಸರದ ಸಂತೆ. ನನಗೆ ಮುಜುಗರ ಆಯಿತು. ಅವರ ಮನೆಯೊಳಗೆ ನುಗ್ಗಿ ಒಲೆಯ ಫೋಟೋ ತೆಗೆಯುವುದು ಏನು ಚಂದ?

ನೈರೋಬಿವಾಸಿ
@ಹಟ್ಟಿಹುಡುಗಿ ನಾಟಕ ಇದೆ, ಒಪ್ಪುತ್ತೇನೆ. ಆ ದುಡ್ಡಿನಲ್ಲಿ ಹಳ್ಳಿಗೆ ಎಷ್ಟು, ಡ್ರೈವರ್‌ಗೆ ಎಷ್ಟು ಎನ್ನುವುದೂ ದೊಡ್ಡ ಪ್ರಶ್ನೆ. ಅದಕ್ಕಿಂತ ಒಳ್ಳೆಯ ದಾರಿ ಕನ್ಸರ್ವೆನ್ಸಿ. ರಿಸರ್ವ್‌ನ ಉತ್ತರಕ್ಕೆ ನಬೊಯಿಶೊ, ಒಲಾರೆ ಮೊಟೊರೊಗಿ, ಮಾರಾ ನಾರ್ತ್ ಇವೆ. ಅಲ್ಲಿನ ಜಮೀನು ಮಸಾಯಿ ಕುಟುಂಬಗಳದ್ದು. ಕ್ಯಾಂಪ್‌ಗಳು ಒಟ್ಟಾಗಿ ಜಮೀನನ್ನು ಗೇಣಿಗೆ ಹಿಡಿದು ಬಾಡಿಗೆ ಕೊಡುತ್ತವೆ. ಬೇಲಿ ಇಲ್ಲ, ಪ್ರಾಣಿ ಅಲ್ಲೂ ಓಡಾಡುತ್ತವೆ. ಅಲ್ಲಿ ಉಳಿದವರು ಮಾತ್ರ ಒಳಗೆ, ಹಾಗಾಗಿ ಗಾಡಿ ಕಮ್ಮಿ. ರಾತ್ರಿ ಸಫಾರಿ, ಕಾಲ್ನಡಿಗೆ ಎರಡೂ ಉಂಟು, ರಿಸರ್ವ್‌ನಲ್ಲಿ ಅವು ಇಲ್ಲ. ದುಬಾರಿ, ಅದು ನಿಜ.

ಹಟ್ಟಿಹುಡುಗಿ
ಗೇಣಿ ಸರಿ. ಆದರೆ ದನ ಮೇಯಿಸಲು ಕಟ್ಟುಪಾಡು ಹಾಕುತ್ತಾರಲ್ಲ? ಬರಗಾಲ ಬಂದಾಗ ಹುಲ್ಲು ಯಾರಿಗೆ, ದನಕ್ಕಾ, ಜೀಪಿನ ಮುಂದೆ ನಿಲ್ಲುವ ಜೀಬ್ರಾಗಾ? ಸೆರೆಂಗೆಟಿಯಿಂದ ಮಸಾಯಿಗಳನ್ನು 1959ರಲ್ಲಿ ಎಬ್ಬಿಸಿ ಎನ್‌ಗೊರೊಂಗೊರೊ ಕಡೆಗೆ ಕಳಿಸಿದರು. ಈಗ ಅಲ್ಲಿಂದಲೂ ಹೊರಡಿ ಎನ್ನುತ್ತಿದ್ದಾರೆ. ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರ ಹೋರಾಟ ಇನ್ನೂ ಮುಗಿದಿಲ್ಲ. ಎರಡು ಕಡೆಯೂ ಟಿಕೆಟ್ ಕೊಂಡವರಿಗೆ ಬಾಗಿಲು ತೆರೆದಿದೆ.

ಕಾಡುಕೋಣ
ಮಾತು ಸರಿ. ಆದರೆ ಟಿಕೆಟ್ ದುಡ್ಡೇ ಇಲ್ಲದಿದ್ದರೆ ಅಲ್ಲಿ ಗೋಧಿ ಹೊಲ, ಸೈಟು, ಬೇಲಿ ಬರುತ್ತದೆ. ಮಾರಾದ ಸುತ್ತ ಬಂದೂ ಬಿಟ್ಟಿದೆ.

ಹಟ್ಟಿಹುಡುಗಿ
ಆ ದುಡ್ಡು ಯಾರ ಕೈಗೆ ಹೋಗುತ್ತದೆ ಎನ್ನುವುದೇ ನನ್ನ ಪ್ರಶ್ನೆ. ಅದನ್ನು ಬಿಟ್ಟು ಬೇಲಿ ತೋರಿಸಿದರೆ ಹೇಗೆ?

ಮಳೆಗಾಲ
ಈಗ ಕೂನೋದಲ್ಲೂ ಚೀತಾ ಇದೆ. 2022ರಲ್ಲಿ ನಮೀಬಿಯಾದಿಂದ ಎಂಟು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ತಂದರು. ಇನ್ನು ಆಫ್ರಿಕಾಗೆ ಯಾಕೆ ಹೋಗಬೇಕು?

ಹಳೇಲೆನ್ಸ್
ದೇವರೇ. ಕೂನೋ ಚರ್ಚೆಗೆ ಬೇರೆ ಎಳೆ ಶುರು ಮಾಡಿ, ದಮ್ಮಯ್ಯ.

ಅಜ್ಜಿಮನೆ
ಹೆಂಗಸರ ಕಷ್ಟ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಹೊರಟರೆ ಗೇಟ್, ವಿಮಾನ ಇಳಿಯುವ ಜಾಗ, ಪಿಕ್ನಿಕ್ ತಾಣ ಬಿಟ್ಟರೆ ಟಾಯ್ಲೆಟ್ ಇಲ್ಲ. ಆ ಸಂಕೋಚಕ್ಕೆ ನಮ್ಮ ಅತ್ತೆ ನೀರೇ ಕುಡಿಯಲಿಲ್ಲ, ಮಧ್ಯಾಹ್ನಕ್ಕೆ ತಲೆನೋವು ಹಿಡಿಯಿತು. ಡ್ರೈವರ್‌ಗೆ ಮೊದಲೇ ಹೇಳಿಡಿ. ಅವರು ಸುತ್ತ ನೋಡಿ ಗಾಡಿಯ ಹಿಂದೆ ಜಾಗ ಮಾಡಿಕೊಡುತ್ತಾರೆ. ಅಮ್ಮನಿಗೆ ಸೀರೆ ಬದಲು ಚೂಡಿದಾರ್, ಮೇಲೊಂದು ದುಪಟ್ಟಾ. ಸ್ವೆಟರ್ ಮರೆಯಬೇಡಿ, ಆಗಸ್ಟ್ ಬೆಳಿಗ್ಗೆ ಹಲ್ಲು ಕಟಕಟ ಅನ್ನುತ್ತದೆ.

ಚಟ್ನಿಪುಡಿ, ಅವಲಕ್ಕಿ ಡಬ್ಬಿಯಲ್ಲಿ ಹಾಕಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಅಲ್ಲಿ 2017ರಿಂದ ನಿಷೇಧ, ಪಾರ್ಕ್ ಒಳಗೆ ಬಾಟಲಿ ನೀರೂ ಇಲ್ಲ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಹಂಪನಕಟ್ಟೆ
ಮಿಲಿಟರಿ ಮಚ್ಚೆಯ ಬಟ್ಟೆಯೂ ಬೇಡ. ಕಡುನೀಲಿ, ಕಪ್ಪು ಹಾಕಿದರೆ ತ್ಸೆತ್ಸೆ ನೊಣ ಮುತ್ತುತ್ತದೆ, ಮುಖ್ಯವಾಗಿ ಟಾಂಜಾನಿಯಾ ಕಡೆ. ಚಾರ್ಜರ್‌ಗೆ ಮೂರು ಚೌಕ ಪಿನ್ನಿನ ಅಡಾಪ್ಟರ್. ಡ್ರೋನ್ ಮನೆಯಲ್ಲೇ ಬಿಡಿ.

ಬಿಸಿಬೇಳೆಬಾತ್
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಪ್ಪನಿಗೆ ಕಿಲಿಮಂಜಾರೊ ನೋಡುವ ಆಸೆ, ಹಾಗಾಗಿ ಅಂಬೊಸೆಲಿ ಬಿಡಲು ಮನಸ್ಸಿಲ್ಲ. ನಕುರು, ನೈವಾಶಾ ತೆಗೆದರೆ? ಫ್ಲೆಮಿಂಗೊ ಹೋಗುತ್ತದಲ್ಲ ಎಂದು ಮಗಳ ತಕರಾರು.

ನೈರೋಬಿವಾಸಿ
ನಕುರು ಧಾರಾಳವಾಗಿ ತೆಗೆಯಿರಿ. ಕೆರೆಯ ನೀರು ಏರಿ ಹಳೇ ಗೇಟೇ ಮುಳುಗಿತು. ಫ್ಲೆಮಿಂಗೊಗಳು ಬಹುಪಾಲು ಬೊಗೋರಿಯಾ ಕೆರೆಯ ಕಡೆ ಹೋದವು. ಘೇಂಡಾಮೃಗಕ್ಕೆ ನಕುರು ಈಗಲೂ ಒಳ್ಳೆಯದು, ಆದರೆ ನಿಮ್ಮ ಪ್ಲಾನ್‌ನಲ್ಲಿ ಅಂಬೊಸೆಲಿಯಿಂದ ನಕುರುಗೆ ಒಂದಿಡೀ ಹಗಲು ರಸ್ತೆಯಲ್ಲೇ ಹೋಗುತ್ತದೆ. ಅಂಬೊಸೆಲಿಯಲ್ಲಿ ಎರಡು ರಾತ್ರಿ, ನೈರೋಬಿಗೆ ವಾಪಸ್, ಅಲ್ಲಿಂದ ವಿಮಾನದಲ್ಲಿ ಮಾರಾ, ಮೂರು ರಾತ್ರಿ. ಬೆಟ್ಟ ಕಾಣುವುದು ಬೆಳಗಿನ ಜಾವ. ಒಂಬತ್ತರ ಹೊತ್ತಿಗೆ ಮೋಡ ಮುಚ್ಚಿಕೊಳ್ಳುತ್ತದೆ. ಅಪ್ಪನನ್ನು ಬೇಗ ಎಬ್ಬಿಸಿ.

ಬಿಸಿಬೇಳೆಬಾತ್
ಅಪ್ಪ ನಾಲ್ಕಕ್ಕೇ ಎದ್ದು ನಮ್ಮನ್ನು ಎಬ್ಬಿಸುವವರು, ಆ ಚಿಂತೆ ಇಲ್ಲ. ಇದೇ ಪ್ಲಾನ್ ಏಜೆಂಟ್‌ಗೆ ಕಳಿಸಿದ್ದೇನೆ. "ಕ್ರಾಸಿಂಗ್ ಗ್ಯಾರಂಟಿ ಬರಹದಲ್ಲಿ ಕೊಡಿ" ಅಂತಲೂ ಕೇಳಿದೆ. ಇನ್ನೂ ಫೋನ್ ಎತ್ತಿಲ್ಲ.

ಕಾಡುಕೋಣ
ಎತ್ತುವುದಿಲ್ಲ.

ಹೊಸಬ_77
ಸರ್, ನಾವೂ ಗಂಡ ಹೆಂಡತಿ ಅದೇ ಸಮಯಕ್ಕೆ ಹೋಗೋಣ ಅಂತಿದ್ದೇವೆ. ನಿಮ್ಮ ಲ್ಯಾಂಡ್ ಕ್ರೂಸರ್‌ನಲ್ಲಿ ಎರಡು ಸೀಟು ಖಾಲಿ ಇರುತ್ತಾ? ಗಾಡಿ ಖರ್ಚು ಹಂಚಿಕೊಳ್ಳೋಣ.

ದುಡ್ಡಿನಲೆಕ್ಕ
@ಹೊಸಬ_77 ಐದು ಜನ ಇದ್ದಾರೆ, ಏಳಾದರೆ ಕಿಟಕಿ ಸೀಟಿಗೆ ಜಗಳ ಗ್ಯಾರಂಟಿ. ಇದನ್ನು ಬೇಕಾದರೆ ಬರಹದಲ್ಲಿ ಕೊಡುತ್ತೇನೆ.